ಇಪ್ಪತ್ತೈದನೆಯ ಪಂದ್ಯ

ಅವನಿಗೆ ನೋವಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಮುಖ ನೋಡಿ ಪ್ರಯೋಜನವಿರಲಿಲ್ಲ, ಕಾಲ್ಬೆರಳು ನೋಡಬೇಕಿತ್ತು. ಇದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಮೇಜಿನ ಮೇಲೆ ಅಂಗಾತ ಮಲಗಿ, ಚಾವಣಿ ನೋಡುತ್ತ, ಏನಾದರೊಂದು ಹೇಳಿ ನಗಿಸುತ್ತಿರುತ್ತಿದ್ದ. ನಾನು ಅವನ ಬಲ ಮೊಣಕಾಲನ್ನು ಮಡಿಸಿ, ಒಳಬದಿಯ ಒಂದು ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿ, "ಇಲ್ಲಿ ನೋವಿದೆಯಾ?" ಎಂದು ಕೇಳಿದರೆ "ಇಲ್ಲವಲ್ಲ ಮಿಸ್" ಎನ್ನುತ್ತಿದ್ದ. ದನಿಯಲ್ಲಿ ಎಳ್ಳಷ್ಟೂ ಬದಲಾವಣೆಯಿಲ್ಲ. ಅದೇ ಹೊತ್ತಿಗೆ ಮೇಜಿನ ಆ ತುದಿಯಲ್ಲಿ ಐದೂ ಬೆರಳು ಸುರುಟಿಕೊಂಡು ಅಂಗಾಲಿಗೆ ಅಂಟಿಕೊಂಡಿರುತ್ತಿದ್ದವು.

ಅವನು ಜಮೈಕಾದವನು. ಫುಟ್‌ಬಾಲ್ ಆಡುವುದೇ ಅವನ ಕಸುಬು. ಗೋಲು ಹೊಡೆಯಲಿಕ್ಕೆಂದೇ ಇಟ್ಟುಕೊಳ್ಳುವ ಫಾರ್ವರ್ಡ್. ನನ್ನ ಕೈಗೆ ಸಿಕ್ಕಾಗ ವಯಸ್ಸು ಇಪ್ಪತ್ತೆಂಟು. ನಾನು ಧಾರವಾಡದವಳು, ಫಿಸಿಯೊಥೆರಪಿಸ್ಟ್. ಗಂಡನ ಕೆಲಸ ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಬಾಡಿಗೆ ಕಡಿಮೆಯೆಂದು ನಾವು ಮನೆ ಮಾಡಿದ್ದು ಅಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ಒಂದು ಸಣ್ಣ ಊರಿನಲ್ಲಿ. ಆ ಊರಿನ ಪ್ರಾಕ್ಸಿಸ್‌ನಲ್ಲಿ, ಅಂದರೆ ಕ್ಲಿನಿಕ್ಕಿನಲ್ಲಿ, ನನಗೆ ಕೆಲಸ ಸಿಕ್ಕಿತ್ತು. ಊರಿನ ಕ್ಲಬ್ಬು ನಾಲ್ಕನೇ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಅದರ ಆಟಗಾರರ ಕೈಕಾಲು ನೋಡಿಕೊಳ್ಳುವ ಹೊಣೆ ನಮ್ಮ ಪ್ರಾಕ್ಸಿಸ್‌ನದು. ಅವನ ಹೆಸರನ್ನಾಗಲಿ ಕ್ಲಬ್ಬಿನ ಹೆಸರನ್ನಾಗಲಿ ನಾನು ಬರೆಯುವುದಿಲ್ಲ.

ಗೌರವ ಕೊಡಬೇಕಾದ ಹೆಂಗಸರನ್ನೆಲ್ಲ ಅವರ ದೇಶದಲ್ಲಿ "ಮಿಸ್" ಎಂದೇ ಕರೆಯುತ್ತಾರಂತೆ. ನನಗೆ ಅದು ಸಾಲಿಯ ಮಕ್ಕಳು ಟೀಚರಿಗೆ ಕರೆದ ಹಾಗೆ ಕೇಳಿಸಿ ಮೊದಮೊದಲು ನಗು ಬರುತ್ತಿತ್ತು. ಇನ್ನೊಂದು ಅವನ ಮಾತು "ಸೂನ್ ಕಮ್". ಹತ್ತು ಗಂಟೆಗೆ ಬರಬೇಕಾದವನು ಹತ್ತೂಕಾಲಾದರೂ ಬಾರದಿದ್ದಾಗ ಫೋನ್ ಮಾಡಿದರೆ "ಸೂನ್ ಕಮ್, ಮಿಸ್" ಎನ್ನುತ್ತಿದ್ದ. ನಮ್ಮ ಕಡೆಯವರು "ದಾರ್ಯಾಗ ಇದ್ದೀನ್ರೀ" ಅಂದರೆ ಇನ್ನೂ ಜಳಕಕ್ಕೇ ಹೋಗಿಲ್ಲ ಎಂದು ಅರ್ಥವಾಗುವ ಹಾಗೆ, ಅದಕ್ಕೂ ಅದೇ ಅರ್ಥ. ಸ್ವಾಗತದ ಕೌಂಟರಿನಲ್ಲಿ ಕೂರುವಾಕೆ ಹಲ್ಲು ಕಡಿಯುತ್ತಿದ್ದಳು. ನನಗೆ ಮಾತ್ರ ಆ ಸುಳ್ಳು ಕೇಳಿ ಊರು ನೆನಪಾಗುತ್ತಿತ್ತು.

ಅವನ ಕಥೆಯನ್ನು ಅವನು ಇಳಿಜಾರಿನ ಕಥೆಯಾಗಿಯೇ ಹೇಳುತ್ತಿದ್ದ. ಶಾಲೆಯಲ್ಲಿದ್ದಾಗ ಓಟಗಾರ. ದೊಡ್ಡ ಕ್ರೀಡಾಕೂಟದಲ್ಲಿ ಮೂರನೆಯವನಾಗಿ ಬಂದ. "ನಮ್ಮ ದೇಶದಲ್ಲಿ ಮೂರನೆಯವನು ಅಂದರೆ ನಿಧಾನ ಓಡುವವನು ಅಂತ ಲೆಕ್ಕ ಮಿಸ್. ಅಂಥವರನ್ನೆಲ್ಲ ಫುಟ್‌ಬಾಲಿಗೆ ಅಟ್ಟುತ್ತಾರೆ" ಎಂದು ನಗುತ್ತಿದ್ದ. ಹತ್ತೊಂಬತ್ತಕ್ಕೆ ಸ್ವೀಡನ್ನು. ವಿಮಾನದಿಂದ ಇಳಿದಾಗ ಮೈಮೇಲಿದ್ದದ್ದು ಒಂದು ತೆಳು ಜಾಕೆಟ್ಟು. ಆಮೇಲೆ ಡೆನ್ಮಾರ್ಕ್, ಆಮೇಲೆ ಜರ್ಮನಿಯ ಎರಡನೇ ದರ್ಜೆ, ಒಂದು ಋತು, ಅಂದರೆ ಆಟದ ಒಂದು ವರ್ಷ, ಕಳೆದ ಮೇಲೆ ಮೂರನೆಯದು, ಈಗ ನಾಲ್ಕನೆಯದು. ನಡುವೆ ಎರಡು ಸಲ ಅವನ ದೇಶದ ತಂಡಕ್ಕೆ ಕರೆ ಬಂದಿತ್ತು. ಒಮ್ಮೆ ಬೆಂಚಿನಲ್ಲೇ ಕೂತ. ಇನ್ನೊಮ್ಮೆ ಹನ್ನೊಂದು ನಿಮಿಷ ಆಡಿದ. ಆ ಹನ್ನೊಂದು ನಿಮಿಷದ ಕಥೆ ಹೇಳಲು ನನ್ನ ಮುಂದೆ ಒಮ್ಮೆ ಇಪ್ಪತ್ತೈದು ನಿಮಿಷ ತೆಗೆದುಕೊಂಡ. ಯಾರು ಚೆಂಡು ಕೊಟ್ಟರು, ಹುಲ್ಲು ಎಷ್ಟು ಒದ್ದೆಯಾಗಿತ್ತು, ಎಡಗಾಲಿನಿಂದ ಹೊಡೆದದ್ದು ಕಂಬದ ಹೊರಗೆ ಎಷ್ಟು ಬೆರಳಿನಷ್ಟು ದೂರದಲ್ಲಿ ಹೋಯಿತು, ಎಲ್ಲವನ್ನೂ.

ಅವನು ಸಾಧುವೇನಲ್ಲ. ನಾಲಿಗೆ ಹರಿತ. ಅವನದೇ ತಂಡದ ಗೋಲ್‌ಕೀಪರನಿಗೆ, "ನಿನಗಿಂತ ಒಂದು ಕಪಾಟು ನಿಲ್ಲಿಸಿದರೆ ವಾಸಿ, ಅದು ಕೊನೇಪಕ್ಷ ಜಾಗ ಬಿಟ್ಟು ಕದಲುವುದಿಲ್ಲ" ಎಂದು ಎಲ್ಲರೆದುರು ಹೇಳಿ ಅವನ ಕಣ್ಣಲ್ಲಿ ನೀರು ಬರಿಸಿದ್ದ. ತನ್ನ ಮೊಣಕಾಲನ್ನು ಮುಷ್ಟಿಯಿಂದ ಗುದ್ದಿ, ಕತ್ತೆಗೆ ಬೈಯುವ ಹಾಗೆ ಬೈಯುತ್ತಿದ್ದ. ನನ್ನ ಬೂಟು ನೋಡಿ, "ನೀವು ಜೀವನದಲ್ಲಿ ಒಮ್ಮೆಯೂ ಓಡಿಲ್ಲ ಅಲ್ಲವೇ ಮಿಸ್? ಬಸ್ಸಿಗೆ ಕೂಡ?" ಎಂದಿದ್ದ. ಪಕ್ಕದ ಮೇಜಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾದ ಎಂಬತ್ತರ ಅಜ್ಜಿಯೊಬ್ಬರು ವ್ಯಾಯಾಮಕ್ಕೆ ಬರುತ್ತಿದ್ದರು. ಅವರಿಗೂ ಅವನಿಗೂ ಪಂತ: ಒಂಟಿ ಕಾಲಲ್ಲಿ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು. ಬಲಗಾಲಿನ ಸರದಿ ಬಂದಾಗಲೆಲ್ಲ ಅಜ್ಜಿಯೇ ಗೆಲ್ಲುತ್ತಿದ್ದರು. ಅವನು ಬೇಕೆಂದೇ ಸೋಲುತ್ತಿದ್ದಾನೆ ಎಂದುಕೊಂಡು ಅವರು ಅವನ ಕೆನ್ನೆ ತಟ್ಟುತ್ತಿದ್ದರು.

ಒಂದು ಭಾನುವಾರ ಊಟಕ್ಕೆ ಮನೆಗೆ ಕರೆದಿದ್ದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿಮೆಣಸಿನಕಾಯಿ ರಂಜಕ. "ಸ್ವಲ್ಪ ನೋಡ್ಕೊಂಡು ತಿನ್ನಂತ ಹೇಳು" ಎಂದು ನನ್ನ ಗಂಡ ಎಚ್ಚರಿಸುವಷ್ಟರಲ್ಲಿ ಅವನು ರಂಜಕವನ್ನು ಚಮಚದಲ್ಲಿ ಎತ್ತಿ ರೊಟ್ಟಿಗೆ ಸವರಿಕೊಂಡು ತಿಂದು, ಇನ್ನಷ್ಟು ಕೇಳಿದ. ಅವರ ಕಡೆಯೂ ರೊಟ್ಟಿ ಎನ್ನುತ್ತಾರಂತೆ, ಮೇಕೆ ಮಾಂಸದ ಕರಿ ಮಾಡುತ್ತಾರಂತೆ. ಹಿಂದೆ ಬ್ರಿಟಿಷರು ಕಬ್ಬಿನ ಗದ್ದೆಯ ಕೂಲಿಗೆಂದು ಹಡಗಿನಲ್ಲಿ ಒಯ್ದಿದ್ದ ನಮ್ಮ ದೇಶದವರಿಂದ ಅಲ್ಲಿ ಉಳಿದದ್ದು. ನನ್ನ ಮಗಳಿಗೆ ಆಗ ಒಂಬತ್ತು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಕಾಲ ಅದು. ಅವನ ಜೊತೆ ಇಡೀ ಮಧ್ಯಾಹ್ನ ಬಾಲ್ಕನಿಯಲ್ಲಿ ಚೆಂಡು ಪುಟಿಸುತ್ತ ಕಳೆದಳು. ಅವನು ಎಡಗಾಲಿನಿಂದ ಮಾತ್ರ ಆಡುತ್ತಿದ್ದುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಸೆಪ್ಟೆಂಬರಿನಲ್ಲಿ ದೂರದ ಊರೊಂದಕ್ಕೆ ಪಂದ್ಯಕ್ಕೆ ಹೋದರು. ಅವನಿಗೆ ಚೆಂಡು ಸಿಕ್ಕಾಗಲೆಲ್ಲ ಅಲ್ಲಿನ ಪ್ರೇಕ್ಷಕರಲ್ಲಿ ಒಂದು ಗುಂಪು ಮಂಗನ ಹಾಗೆ ಕೂಗಿತಂತೆ. ಅವನು ಎರಡು ಗೋಲು ಹೊಡೆದ. ಮುಗಿದ ಮೇಲೆ ಕ್ಲಬ್ಬಿನ ಮ್ಯಾನೇಜರು ಅವನ ಹೆಗಲ ಮೇಲೆ ಕೈಹಾಕಿ, ದೂರು ಕೊಡುವುದು ಬೇಡ, ಗೆದ್ದು ಮೂರು ಅಂಕ ಬಂತಲ್ಲ, ನೀನು ಅದಕ್ಕೆಲ್ಲ ಬಗ್ಗುವವನಲ್ಲ ಎಂದರಂತೆ. ಮಂಗಳವಾರ ನನ್ನ ಮೇಜಿನ ಮೇಲೆ ಮಲಗಿ ಇದನ್ನೆಲ್ಲ ಹೇಳಿದ. ಆಮೇಲೆ ಹೇಳಿದ: "ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಮಿಸ್. ನಾನು ಕಾರ್ನರ್ ಕಿಕ್‌ಗೆ ಹೋದಾಗ ತೀರ ಹತ್ತಿರದಲ್ಲಿ ನೋಡಿದೆ. ಆ ಮಗುವಿಗೆ ಕೂಗು ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ತಿದ್ದುತ್ತಿದ್ದ. ತುಟಿ ಹೀಗೆ ಮಾಡು ಅಂತ ಹೇಳಿಕೊಡುತ್ತಿದ್ದ."

ಕಾಲು ತಿರುಗಿಸು ಎಂದೆ. ತಿರುಗಿಸಿದ.

ಅಕ್ಟೋಬರಿನಲ್ಲಿ ಮೊಣಕಾಲು ಊದಿಕೊಂಡಿತು. ಒತ್ತಿದರೆ ಚಿಪ್ಪು ನೀರಿನ ಮೇಲೆ ತೇಲುವ ಹಾಗೆ ಆಡುತ್ತಿತ್ತು. ಮಡಿಸಿದರೆ ಒಳಗೆ ಮರಳು ತಿಕ್ಕಿದ ಸದ್ದು. ಮೂಳೆಯ ತುದಿಗೆ ಹಾಸಿರುವ ಮೆತ್ತೆ ಸವೆದು ಕಿತ್ತುಬರುತ್ತಿದೆ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. "ಆರು ವಾರ ಆಡಬಾರದು ಅಂತ ಬರೆಯುತ್ತೇನೆ. ಸ್ಕ್ಯಾನ್ ಕೂಡ ಆಗಬೇಕು" ಎಂದೆ. ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಕೂತು, ನನ್ನ ಕಡೆ ನೋಡಿ, "ಬರೆಯಿರಿ ಮಿಸ್" ಎಂದ. "ನಾನಾಗಿ ನೋವು ಅಂದರೆ ಸೋಮಾರಿ ಅನ್ನುತ್ತಾರೆ. ನೀವು ಬರೆದರೆ ನಂಬುತ್ತಾರೆ." ನೋವಿದೆ ಎಂದು ಅವನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೊಂದೇ ಸಲ.

ಬರೆದೆ. ಅವನು ಅದನ್ನು ಓದಿ ಹೋದ. ಸಂಜೆ ನಮ್ಮ ಪ್ರಾಕ್ಸಿಸ್‌ನ ಯಜಮಾನರು ನನ್ನನ್ನು ಒಳಗೆ ಕರೆದರು. ಅರವತ್ತು ದಾಟಿದವರು, ಮೆತ್ತಗೆ ಮಾತಾಡುವವರು, ನನಗೆ ಜರ್ಮನ್ ತಿದ್ದಿ ಕಲಿಸಿದವರು. ನನ್ನ ವರದಿ ಅವರ ಕೈಯಲ್ಲಿತ್ತು. "ಇದು ತುಸು ಅವಸರದ ತೀರ್ಮಾನ ಅನ್ನಿಸುವುದಿಲ್ಲವೇ?" ಎಂದರು. "ಕ್ಲಬ್ಬಿಗೆ ಈಗ ಅವನನ್ನು ಬಿಟ್ಟರೆ ಬೇರೆ ಫಾರ್ವರ್ಡ್ ಇಲ್ಲ. ಸ್ನಾಯು ಬಿಗಿತ ಎಂದು ಬರೆಯೋಣ. ಉಳಿದದ್ದನ್ನು ಕ್ಲಬ್ಬಿನ ಡಾಕ್ಟರು ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುತ್ತಾರೆ." ನನ್ನ ಭಾರತದ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಗಬೇಕಾದರೆ ಅವರ ಕೈಕೆಳಗೆ ಕೆಲಸ ಮಾಡಿದ ಪ್ರಮಾಣಪತ್ರ ಬೇಕಿತ್ತು. ಅವರು ಅದನ್ನು ಬಾಯಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ವರದಿಯನ್ನು ಮಡಿಸಿ ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟರು. ನಾನು ಹೊಸದು ಬರೆದೆ: ಸ್ನಾಯು ಬಿಗಿತ, ಆಡಬಹುದು. ಕೆಳಗೆ ಸಹಿ ನನ್ನದು.

ಮರುದಿನ ಅವನು ಕೌಂಟರಿನಲ್ಲಿ ಆ ಪ್ರತಿ ಓದಿದ. ಅವನಿಗೆ ಜರ್ಮನ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಕಾಗದವನ್ನು ಅಲ್ಲೇ ಇಟ್ಟು ತರಬೇತಿಗೆ ಹೋದ.

ಚಳಿಗಾಲವಿಡೀ ಆಡಿದ. ಪಂದ್ಯಕ್ಕೆ ಮುನ್ನ ಇಂಜೆಕ್ಷನ್ನು, ಮುಗಿದ ಮೇಲೆ ನನ್ನ ಮೇಜಿನಲ್ಲಿ ಐಸು. ಎರಡು ಸಲ ಸಿರಿಂಜಿನಲ್ಲಿ ನೀರು ತೆಗೆದರು. ತೆಗೆದ ವಾರವೇ ಗೋಲು ಹೊಡೆದ. ಪ್ರೇಕ್ಷಕರು ಅವನ ಮೇಲೊಂದು ಹಾಡು ಕಟ್ಟಿದ್ದರು. ನನ್ನ ಮಗಳು ಅದನ್ನು ಸ್ನಾನದ ಮನೆಯಲ್ಲಿ ಹಾಡುತ್ತಿದ್ದಳು. ಕ್ಲಬ್ಬು ಪಟ್ಟಿಯಲ್ಲಿ ಮೇಲೇರಿತು, ಕೆಳಗಿನ ದರ್ಜೆಗೆ ಬೀಳುವ ಭಯ ತಪ್ಪಿತು. ಅವನನ್ನು ನೋಡಿದರೆ ಬೇಕರಿಯವನು ಕಾಸು ತೆಗೆದುಕೊಳ್ಳದೆ ಬ್ರೆಡ್ ಕೊಡುತ್ತಿದ್ದ.

ಮಾರ್ಚಿನಲ್ಲಿ ಯಜಮಾನರು ನನ್ನನ್ನು ಮತ್ತೆ ಒಳಗೆ ಕರೆದರು. ಈ ಸಲ ಮ್ಯಾನೇಜರೂ ಕೂತಿದ್ದರು. "ಆ ಮೊಣಕಾಲಿನ ಬಗ್ಗೆ ನಿಮ್ಮ ನಿಜವಾದ ಅಭಿಪ್ರಾಯ ಬೇಕು" ಎಂದರು ಮ್ಯಾನೇಜರು. "ಏನನ್ನೂ ಮುಚ್ಚಬೇಡಿ. ಆಟಗಾರನ ಆರೋಗ್ಯ ನಮಗೆ ಮುಖ್ಯ." ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ರಾತ್ರಿಯ ಅಡುಗೆಯನ್ನೂ ಗಂಡನಿಗೆ ಬಿಟ್ಟು ಮೂರು ಪುಟ ಬರೆದೆ. ಸವೆತ, ನೀರು, ಕಾಲು ಎಷ್ಟು ಡಿಗ್ರಿ ಮಡಿಯುತ್ತದೆ, ಎಲ್ಲವನ್ನೂ ಅಳೆದು ಬರೆದೆ. ಇನ್ನೂ ಆಡಿದರೆ ಕಾಲು ಶಾಶ್ವತವಾಗಿ ಹಾಳಾಗುತ್ತದೆ ಎಂದು ಕೊನೆಯಲ್ಲಿ ಬರೆದೆ. ಒಂದು ಪದವೂ ಸುಳ್ಳಿರಲಿಲ್ಲ. ವರದಿ ನೋಡಿ ಡಾಕ್ಟರು ಋತು ಮುಗಿಯುವವರೆಗೆ ಅವನು ಆಡಕೂಡದು ಎಂದು ಬರೆದುಕೊಟ್ಟರು.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಅವನ ಒಪ್ಪಂದದಲ್ಲಿ ಒಂದು ಷರತ್ತು: ಋತುವಿನಲ್ಲಿ ಇಪ್ಪತ್ತೈದು ಪಂದ್ಯ ಆಡಿದರೆ ಒಪ್ಪಂದ ತಾನಾಗಿ ಇನ್ನೊಂದು ವರ್ಷ ಮುಂದುವರಿಯುತ್ತದೆ. ಅವನದು ಇಪ್ಪತ್ತನಾಲ್ಕು ಆಗಿತ್ತು. ಇನ್ನೊಂದು ಪಂದ್ಯದಲ್ಲಿ ಒಂದೇ ಒಂದು ನಿಮಿಷ ಮೈದಾನಕ್ಕೆ ಇಳಿದಿದ್ದರೂ ಸಾಕಿತ್ತು. ಕ್ಲಬ್ಬು ಅಷ್ಟರಲ್ಲಿ ಮುಂದಿನ ವರ್ಷಕ್ಕೆ ಬೇರೊಬ್ಬ ಫಾರ್ವರ್ಡನನ್ನು ಗೊತ್ತುಮಾಡಿಕೊಂಡಿತ್ತು.

ಇದನ್ನು ನನಗೆ ಹೇಳಿದವನು ಅವನೇ. ಮೂರು ಪುಟ ಕೈಯಲ್ಲಿ ಹಿಡಿದುಕೊಂಡು, ಹೇಳಿದ ಸಮಯಕ್ಕೆ ಸರಿಯಾಗಿ ಬಂದ. ಮೇಜಿನ ಮೇಲೆ ಮಲಗಲಿಲ್ಲ, ನಿಂತೇ ಇದ್ದ.

"ಪೂರ್ತಿ ಓದಿದೆ ಮಿಸ್. ಎಲ್ಲ ಸರಿಯಾಗಿದೆ. ಇಷ್ಟು ಚೆನ್ನಾಗಿ ನನ್ನ ಕಾಲಿನ ಬಗ್ಗೆ ಯಾರೂ ಬರೆದಿರಲಿಲ್ಲ."

"ನನಗೆ ಆ ಷರತ್ತಿನ ವಿಷಯ ಗೊತ್ತಿರಲಿಲ್ಲ" ಎಂದೆ.

"ಗೊತ್ತಿದ್ದರೆ?"

ನಾನು ಮೇಜಿನ ಮೇಲಿನ ಹಾಸು ಸರಿಮಾಡಿದೆ.

"ಅಕ್ಟೋಬರಿನಲ್ಲಿ ನಾನು ಕೇಳಿದೆ, ನೀವು ಬರೆದದ್ದನ್ನು ಬದಲಿಸಿದಿರಿ. ಈಗ ನಾನು ಕೇಳಲಿಲ್ಲ, ನೀವು ಬರೆದಿರಿ. ಎರಡು ಸಲವೂ ಅವರು ಹೇಳಿದ ಹಾಗೆಯೇ ಬರೆದಿರಿ." ಅವನ ದನಿ ಏರಲಿಲ್ಲ. "ನೀವು ಕೆಟ್ಟವರಲ್ಲ ಮಿಸ್. ಕೆಟ್ಟವರಾಗಿದ್ದರೆ ನಾನು ಮೊದಲೇ ಹುಷಾರಾಗಿರುತ್ತಿದ್ದೆ."

ಆ ಸಂಜೆ ಗಂಡನ ಹತ್ತಿರ ಹೇಳಿಕೊಂಡೆ. ಅವರು ವಿಜಯಪುರದವರು, ಯಾವುದನ್ನೂ ಬಿಚ್ಚಿಟ್ಟು ರಿಪೇರಿ ಮಾಡಬಹುದು ಎಂದು ನಂಬಿದ ಇಂಜಿನಿಯರು. "ಈಗರೆ ಖರೇನ ಬರದೀ ಅಲ್ಲ? ಖರೇ ಬರದ್ರ ನಿಂದೇನ್ ತಪ್ಪ ಅದರಾಗ?" ಎಂದರು.

"ಆಗ ಬರಿಯೂದು ಈಗ ಬರದೇನ್ರೀ" ಎಂದೆ. ಅವರು ತಾಟು ತೊಳೆಯಲು ಎದ್ದರು.

ಮೇ ತಿಂಗಳಲ್ಲಿ ಊರಿನ ಮೈದಾನದ ಕೊನೆಯ ಪಂದ್ಯ. ಆಟ ಶುರುವಾಗುವ ಮೊದಲು ಅವನನ್ನು ಬೀಳ್ಕೊಡುತ್ತಾರೆ ಎಂದು ತಿಳಿದು ಮಗಳನ್ನು ಕರೆದುಕೊಂಡು ಹೋದೆ. ಕ್ಲಬ್ಬಿನ ಕೋಟು ತೊಡಿಸಿದ್ದರು. ನಡುವಿನ ವೃತ್ತದಲ್ಲಿ ಮ್ಯಾನೇಜರು ಹೂಗುಚ್ಛ ಹಿಡಿದು ನಿಂತಿದ್ದರು. ಅಂಚಿನಿಂದ ಅಲ್ಲಿಯವರೆಗೆ ಅವನು ಒಂದಿಷ್ಟೂ ಕುಂಟದೆ ನಡೆದ. ಯಾಕೆಂದು ನನಗೆ ಗೊತ್ತಿತ್ತು. ಬೇರೆ ಕ್ಲಬ್ಬಿನವರು ಯಾರಾದರೂ ನೋಡುತ್ತಿರಬಹುದು. ಹಾಗೆ ನಡೆಯುವಾಗ ಎಷ್ಟು ನೋಯುತ್ತಿರಬಹುದು ಎನ್ನುವುದೂ ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಪ್ರೇಕ್ಷಕರು ಎದ್ದುನಿಂತು ಅವನ ಹಾಡು ಹಾಡಿದರು. ಮ್ಯಾನೇಜರು ಮೈಕಿನಲ್ಲಿ, ನಮ್ಮ ಗೆಳೆಯನ ಮುಂದಿನ ಬದುಕಿಗಾಗಿ ನಾವು ಭಾರವಾದ ಹೃದಯದಿಂದ ಈ ನಿರ್ಧಾರ ತೆಗೆದುಕೊಂಡೆವು ಎಂದರು. ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ಆಟ ಶುರುವಾಯಿತು. ಅವನು ಹೂಗುಚ್ಛವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತ. ಕೊನೆಯ ಹತ್ತು ನಿಮಿಷ ಇದ್ದಾಗ, ಕ್ಲಬ್ಬು ಮೂರು ಗೋಲಿನಿಂದ ಮುಂದಿದ್ದಾಗ, ಪ್ರೇಕ್ಷಕರು ಅವನನ್ನು ಮೈದಾನಕ್ಕೆ ಇಳಿಸಿ ಎಂದು ಅವನ ಹೆಸರು ಹಿಡಿದು ಕೂಗತೊಡಗಿದರು. ಅವರಿಗೆ ಷರತ್ತಿನ ವಿಷಯ ತಿಳಿದಿರಲಿಲ್ಲ, ಪ್ರೀತಿಗೆ ಕೂಗುತ್ತಿದ್ದರು. ಕೋಚು ಹಿಂತಿರುಗಿ ಮ್ಯಾನೇಜರ ಕಡೆ ನೋಡಿದ. ಮ್ಯಾನೇಜರು ಬೇಡವೆಂದು ತಲೆಯಾಡಿಸಿದರು. ಮೊದಲ ಸಾಲಿನಲ್ಲಿ ಕೂತಿದ್ದ ಅವನೇ ಎರಡೂ ಕೈ ಎತ್ತಿ ಪ್ರೇಕ್ಷಕರಿಗೆ ಕೂತುಕೊಳ್ಳಿ ಎಂದು ಸನ್ನೆ ಮಾಡಿದ. ಅವನು ಯಾಕೆ ಆಡುತ್ತಿಲ್ಲ ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು. "ಕಾಲುನೋವಾಗೇದ" ಎಂದೆ. "ಬರೀ ಒಂದು ನಿಮಿಷಕ್ಕೂ?" ಎಂದಳು.

ಫ್ರಾಂಕ್‌ಫರ್ಟ್ ಕಡೆಯ ಒಂದು ಸಣ್ಣ ಕ್ಲಬ್ಬು ಅವನನ್ನು ಕರೆದಿತ್ತು. ಹಳೆಯ ವರದಿಗಳನ್ನು ತರಿಸಿಕೊಂಡು ನೋಡಿ, ಬೇಡ ಎಂದಿತು. ನನ್ನ ಮೂರು ಪುಟ ಅವನಿಗಿಂತ ಮುಂಚೆ ಅಲ್ಲಿ ತಲುಪಿದ್ದವು. ಒಪ್ಪಂದವಿಲ್ಲದೆ ಅವನ ವೀಸಾ ಉಳಿಯುವಂತಿರಲಿಲ್ಲ. ಆಗಸ್ಟಿನಲ್ಲಿ ದೇಶ ಬಿಟ್ಟ. ಹೊರಡುವ ಮೊದಲು ಪ್ರಾಕ್ಸಿಸ್‌ಗೆ ಬಂದು ಎಲ್ಲರಿಗೂ ಹೇಳಿಹೋದನಂತೆ. ಕೌಂಟರಿನವಳಿಗೆ ಚಾಕೊಲೇಟು ಕೊಟ್ಟನಂತೆ, ಯಜಮಾನರ ಕೈ ಕುಲುಕಿದನಂತೆ, ಅಜ್ಜಿಯ ಜೊತೆ ಕೊನೆಯ ಸಲ ಒಂಟಿ ಕಾಲಲ್ಲಿ ನಿಂತು ಸೋತನಂತೆ. ಅವನು ಬಂದದ್ದು ಬುಧವಾರ. ಬುಧವಾರ ನನಗೆ ರಜೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಆ ವರ್ಷವೇ ಮಾನ್ಯತೆ ಸಿಕ್ಕಿತು. ಯಜಮಾನರು ನಿವೃತ್ತರಾದರು. ಈಗ ಪ್ರಾಕ್ಸಿಸ್‌ನ ಇಬ್ಬರು ಪಾಲುದಾರರಲ್ಲಿ ನಾನೊಬ್ಬಳು. ಊರಿನ ಕ್ಲಬ್ಬು ಇವತ್ತಿಗೂ ನಮ್ಮ ಹತ್ತಿರವೇ ಬರುತ್ತದೆ.

ಈ ಬೇಸಿಗೆಯಲ್ಲಿ, ಮೂರು ವರ್ಷದ ಮೇಲೆ, ಅವನಿಂದ ಇಮೇಲ್ ಬಂತು. ಫುಟ್‌ಬಾಲ್ ಬಿಟ್ಟಿದ್ದಾನೆ. ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾನೆ, ಕುರ್ಚಿ ಹಾಕಿಕೊಂಡು ಕೂತು. ಮೆಟ್ಟಿಲು ಇಳಿಯುವಾಗ ಹಿಮ್ಮುಖವಾಗಿ ಇಳಿಯುತ್ತಾನಂತೆ. ಆ ಮೊಣಕಾಲು ಇಲ್ಲಿ ಆಡುವಾಗಲೇ ಹಾಳಾದದ್ದು, ಅದು ಕ್ಲಬ್ಬಿಗೆ ಅಕ್ಟೋಬರಿನಲ್ಲೇ ತಿಳಿದಿತ್ತು ಎಂದು ತೋರಿಸಿಕೊಟ್ಟರೆ ಇಲ್ಲಿನ ಅಪಘಾತ ವಿಮೆಯವರು ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ ಎಂದು ವಕೀಲರೊಬ್ಬರು ಹೇಳಿದ್ದಾರಂತೆ. ಅದಕ್ಕೆ ಮಾರ್ಚಿನ ಮೂರು ಪುಟ ಸಾಲದಂತೆ. "ಅಕ್ಟೋಬರಿನಲ್ಲಿ ನೀವು ಮೊದಲು ಏನು ಬರೆದಿದ್ದಿರಿ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಡಲು ಆಗುತ್ತದೆಯೇ ಮಿಸ್?" ಎಂದು ಕೇಳಿದ್ದ. ಹಳೆಯದರ ಬಗ್ಗೆ ಇನ್ನೊಂದು ಮಾತಿರಲಿಲ್ಲ.

ಹತ್ತು ದಿನ ಬರೆದು ಅಳಿಸಿದೆ. ಬರೆದುಕೊಟ್ಟರೆ ಸುಳ್ಳು ವರದಿಗೆ ಸಹಿ ಹಾಕಿದವಳು ನಾನೇ ಎಂದು ಒಪ್ಪಿಕೊಂಡ ಹಾಗೆ. ಲೈಸೆನ್ಸು ಹೋಗಬಹುದು, ಕ್ಲಬ್ಬು ಹೋಗಬಹುದು. ಹೋದ ವರ್ಷವಷ್ಟೇ ಮನೆ ಕೊಂಡಿದ್ದೇವೆ. ಗಂಡನಿಗೆ ಹೇಳಲೇ ಇಲ್ಲ. ಹೇಳಿದರೆ ಅವರು ಏನಾದರೂ ಒಂದು ದಾರಿ ಹುಡುಕಿಬಿಡಬಹುದು ಎನ್ನುವ ಭಯ. ಹನ್ನೊಂದನೆಯ ದಿನ ಕಚೇರಿಯ ಜರ್ಮನ್‌ನಲ್ಲಿ ಉತ್ತರಿಸಿದೆ: ನಮ್ಮ ದಾಖಲೆಯಲ್ಲಿ ಇರುವುದು ಇಷ್ಟು, ಪ್ರತಿ ಲಗತ್ತಿಸಿದೆ. ಲಗತ್ತಿಸಿದ್ದು ಆ ಎರಡನೆಯ ವರದಿ. ಸ್ನಾಯು ಬಿಗಿತ, ಆಡಬಹುದು.

ಅವನ ಉತ್ತರ ಅರ್ಧ ಗಂಟೆಯಲ್ಲಿ ಬಂತು. "ತಲುಪಿತು ಮಿಸ್. ತೊಂದರೆ ತೆಗೆದುಕೊಂಡದ್ದಕ್ಕೆ ಥ್ಯಾಂಕ್ಸ್. ಮಗಳು ಈಗ ಎಷ್ಟೆತ್ತರ ಆಗಿದ್ದಾಳೆ?"

ಅದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.

ಅಕ್ಟೋಬರಿನ ಮೊದಲ ವರದಿಯಲ್ಲಿ ಹೀಗಿತ್ತು: ಬಲ ಮೊಣಕಾಲಿನಲ್ಲಿ ನೀರು ತುಂಬಿದೆ. ಒಳಬದಿಯ ಮೆತ್ತೆ ಕಿತ್ತುಬಂದಿರುವ ಲಕ್ಷಣಗಳಿವೆ. ಕೂಡಲೇ ಸ್ಕ್ಯಾನ್ ಆಗಬೇಕು. ಆರು ವಾರ ಆಡಕೂಡದು. ಈ ನಾಲ್ಕು ಸಾಲನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ವಿಮೆಯವರಿಗೂ ಬರುವುದಿಲ್ಲ.